ತಲಪಾಡಿ ದಾಟಿದ ಮೇಲೂ ಅವಳು ಟೀಚರೇ

(ಮಂಗಳೂರಿನಲ್ಲಿ ಶಿಕ್ಷಕ ತರಬೇತಿಯ ಕೋರ್ಸುಗಳಾದ ಡಿ.ಎಲ್.ಇಡಿ. ಮತ್ತು ಬಿ.ಇಡಿ. ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಬೆಳ್ತಂಗಡಿ ಕಡೆಯ ಹುಡುಗಿ. ನಮ್ಮ ಕೈಯಲ್ಲೇ ಡಿ.ಎಲ್.ಇಡಿ. ಮುಗಿಸಿದವಳು, ಕರ್ನಾಟಕದ ಟಿಇಟಿಯನ್ನು, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು, ಮೊದಲ ಸಲಕ್ಕೇ ಪಾಸು ಮಾಡಿದವಳು. ಮದುವೆಯಾಗಿ ಕೇರಳದ ಮಂಜೇಶ್ವರದ ಕಡೆಗೆ ಹೋದಳು. ತವರಿನಿಂದ ಗಂಡನ ಮನೆಗೆ ಹೋಗಲು ಅರ್ಧ ದಿನವೂ ಬೇಡ. ಎರಡು ಮನೆಗಳಲ್ಲೂ ಆಡುವ ಮಾತು ತುಳು. ಎರಡು ಊರುಗಳಲ್ಲೂ ಕನ್ನಡದಲ್ಲಿ ಓದುವ ಮಕ್ಕಳಿದ್ದಾರೆ. ಆದರೆ ನಡುವೆ ತಲಪಾಡಿ ಇದೆ, ತಲಪಾಡಿಯಲ್ಲಿ ರಾಜ್ಯದ ಗಡಿ ಇದೆ.

ಬಂದವಳು ಚೀಲದಿಂದ ನೀಲಿ ಬಣ್ಣದ ಬಟನ್ ಫೈಲ್ ತೆಗೆದು ನನ್ನ ಊಟದ ಮೇಜಿನ ಮೇಲೆ ಹರಡಿದಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಡಿ.ಎಲ್.ಇಡಿ.ಯ ಎರಡೂ ವರ್ಷಗಳ ಅಂಕಪಟ್ಟಿಗಳು, ಟಿಇಟಿ ಪ್ರಮಾಣಪತ್ರ, ನೋಟರಿ ಸಹಿಯ ಅಫಿಡವಿಟ್. ಶಾಲೆಯ ದಾಖಲೆಗಳಲ್ಲಿ ಅವಳ ಹೆಸರಿನ ಮುಂದೆ ತಂದೆಯ ಇನಿಷಿಯಲ್, ಆಧಾರ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಗಂಡನ ಹೆಸರು. ಇಬ್ಬರೂ ಒಬ್ಬಳೇ ಎಂದು ಪ್ರಮಾಣ ಮಾಡಲು ಆ ಅಫಿಡವಿಟ್. ಮಳೆಯಲ್ಲಿ ಬಂದಿದ್ದರಿಂದ ಫೈಲಿನ ಅಂಚು ಒದ್ದೆಯಾಗಿತ್ತು. ಅವಳು ಸೆರಗಿನಿಂದ ಒಂದೊಂದೇ ಹಾಳೆಯ ಮೂಲೆಯನ್ನು ಒತ್ತಿ ಒರೆಸಿದಳು.

"ಮೇಡಂ, ಎಲ್ಲ ಕಡೆಯೂ ಕೇಳಿ ಬಂದೆ. ಡಿ.ಎಲ್.ಇಡಿ. ಅಲ್ಲಿನ ಕೋರ್ಸಿಗೆ ಸಮ ಎಂಬ ತತ್ಸಮಾನ ಪ್ರಮಾಣಪತ್ರ ತರಬೇಕಂತೆ. ಟಿಇಟಿ ಕರ್ನಾಟಕದ್ದಾದ್ದರಿಂದ ಪ್ರಯೋಜನವಿಲ್ಲವಂತೆ, ಮತ್ತೆ ಬರೆಯಬೇಕಂತೆ. ನಾನು ಕೇಳಿದ್ದು ಕನ್ನಡ ಮಾಧ್ಯಮದ ಎರಡನೇ ತರಗತಿ. ಅಲ್ಲಿಯೂ ಕೂಡುವುದು ಕೂಡುವುದೇ, ಕಳೆಯುವುದು ಕಳೆಯುವುದೇ ಅಲ್ಲವೇ?"

ಆ ದಿನ ಅವಳಿಗೆ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಇಷ್ಟು ವರ್ಷ ಶಿಕ್ಷಕರನ್ನು ತಯಾರು ಮಾಡುವ ಕೆಲಸ ಮಾಡಿದ ನನಗೆ, ನಾವು ಕೊಡುವ ಅರ್ಹತೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂದು ವಿವರವಾಗಿ ಗೊತ್ತಿರಲಿಲ್ಲ. ಆಮೇಲೆ ಕುಳಿತು ನಿಯಮಗಳನ್ನು, ತೀರ್ಪುಗಳನ್ನು ಓದಿದೆ. ಇವತ್ತು ನಿಮ್ಮ ಮುಂದೆ ಇಡುತ್ತಿರುವುದು ಆ ಓದಿನ ಫಲ. ನಿಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳಿದ್ದೀರಿ. ಕಾಸರಗೋಡಿನಿಂದ ದಿನವೂ ಬಸ್ಸಿನಲ್ಲಿ ಬರುವವರೂ ಇದ್ದೀರಿ. ನಿಮಗೆ ಇದು ನಾಳೆಯೇ ಎದುರಾಗಬಹುದಾದ ವಿಷಯ.

ಮೊದಲು ಬುಡದಿಂದ ನೋಡೋಣ. ನಮ್ಮಲ್ಲಿ ಶಾಲಾ ಶಿಕ್ಷಕರಿಗೆ 'ಲೈಸೆನ್ಸ್' ಎಂಬ ಹೆಸರಿನ ಒಂದೇ ಕಾಗದ ಇಲ್ಲ. ಆ ಕೆಲಸವನ್ನು ಮೂರು ಸಂಗತಿಗಳು ಸೇರಿ ಮಾಡುತ್ತವೆ: ತರಬೇತಿಯ ಪದವಿ ಅಥವಾ ಡಿಪ್ಲೊಮಾ, ಟಿಇಟಿ, ಆಯಾ ರಾಜ್ಯದ ನೇಮಕಾತಿ ನಿಯಮ. ಶಿಕ್ಷಣ ಮೊದಲು ರಾಜ್ಯ ಪಟ್ಟಿಯಲ್ಲಿತ್ತು. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ತಂದಿತು. ಹಾಗಾಗಿ ಕೇಂದ್ರವೂ ನಿಯಮ ಮಾಡುತ್ತದೆ, ರಾಜ್ಯವೂ ಮಾಡುತ್ತದೆ. ಎರಡರ ನಡುವೆ ಬಿಟ್ಟುಹೋದ ಸಂದಿಯಲ್ಲಿ ಈ ಹುಡುಗಿ ಸಿಕ್ಕಿಕೊಂಡಿದ್ದಾಳೆ.

ತರಬೇತಿಯ ಮಟ್ಟಿಗೆ ದೇಶಕ್ಕೆಲ್ಲ ಒಂದೇ ಮೇಲ್ವಿಚಾರಣೆ ಇದೆ. 1993ರ ಕಾಯ್ದೆಯಿಂದ ಹುಟ್ಟಿ 1995ರಿಂದ ಕೆಲಸ ಮಾಡುತ್ತಿರುವ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ಮಾನ್ಯತೆ ಕೊಡದೆ ಯಾವ ಸಂಸ್ಥೆಯೂ ಶಿಕ್ಷಕರ ತರಬೇತಿ ನಡೆಸುವಂತಿಲ್ಲ. ಬೆಳ್ತಂಗಡಿಯ ಹುಡುಗಿ ಓದಿದ ಸಂಸ್ಥೆಗೆ ಮಾನ್ಯತೆ ಕೊಟ್ಟದ್ದು ಎನ್‌ಸಿಟಿಇ, ಕಾಸರಗೋಡಿನ ಸಂಸ್ಥೆಗೆ ಕೊಟ್ಟದ್ದೂ ಅದೇ. ಆದರೆ ಹೆಸರುಗಳನ್ನು ನೋಡಿ. ನಮ್ಮಲ್ಲಿ ಹಿಂದೆ ಟಿಸಿಎಚ್ ಎನ್ನುತ್ತಿದ್ದರು, ಆಮೇಲೆ ಡಿ.ಇಡಿ. ಆಯಿತು, ಈಗ ಡಿ.ಎಲ್.ಇಡಿ. ಕೇರಳದಲ್ಲಿ ಟಿಟಿಸಿ ಇತ್ತು. ಉತ್ತರ ಪ್ರದೇಶದಲ್ಲಿ ಬಿಟಿಸಿ, ರಾಜಸ್ಥಾನದಲ್ಲಿ ಬಿಎಸ್‌ಟಿಸಿ. ಕಿಟಕಿಯ ಹಿಂದೆ ಕುಳಿತ ಗುಮಾಸ್ತನಿಗೆ ತನ್ನ ಪಟ್ಟಿಯಲ್ಲಿರುವ ಹೆಸರು ನಿಮ್ಮ ಕಾಗದದಲ್ಲಿ ಕಾಣಿಸದಿದ್ದರೆ ಅವನು 'ತತ್ಸಮಾನ ಪತ್ರ ತನ್ನಿ' ಎನ್ನುತ್ತಾನೆ. ಅವನನ್ನು ದೂರಿ ಫಲವಿಲ್ಲ, ಅವನ ಕೈಯಲ್ಲಿ ಇರುವುದು ಆ ಪಟ್ಟಿ ಮಾತ್ರ. ಆದರೆ ಪಟ್ಟಿಯನ್ನು ಸರಿ ಮಾಡಬೇಕಾದವರು ಅದನ್ನು ಒಮ್ಮೆ ಸರಿ ಮಾಡಿ ಪ್ರಕಟಿಸಿದರೆ ಸಾಕು. ಪ್ರತಿಯೊಬ್ಬ ಅಭ್ಯರ್ಥಿಯೂ ಬೇರೆ ಬೇರೆಯಾಗಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಪಠ್ಯಕ್ರಮದ ಪ್ರತಿಗೆ ಮುದ್ರೆ ಹಾಕಿಸಿಕೊಂಡು ಅಲೆಯುವುದು ಏಕೆ ಎಂಬುದಕ್ಕೆ ನನಗೆ ಎಲ್ಲಿಯೂ ಸಮಾಧಾನ ಸಿಕ್ಕಿಲ್ಲ.

ಇನ್ನು ಟಿಇಟಿ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆ ಕಾಯ್ದೆಯ 23ನೇ ಪ್ರಕರಣದ ಅಡಿ ಎನ್‌ಸಿಟಿಇ 2010ರ ಆಗಸ್ಟ್ 23ರಂದು ಶಿಕ್ಷಕರ ಕನಿಷ್ಠ ವಿದ್ಯಾರ್ಹತೆಯನ್ನು ಗೊತ್ತುಪಡಿಸಿತು. ಒಂದರಿಂದ ಎಂಟನೇ ತರಗತಿಯವರೆಗೆ ಪಾಠ ಮಾಡಬೇಕಾದರೆ ಟಿಇಟಿ ಪಾಸಾಗಿರಲೇಬೇಕು ಎಂದಿತು. ಪರೀಕ್ಷೆ ಹೇಗೆ ನಡೆಸಬೇಕೆಂಬ ಮಾರ್ಗಸೂಚಿ ಬಂದದ್ದು 2011ರ ಫೆಬ್ರುವರಿ 11ರಂದು. ಮೊದಲು ಪ್ರಮಾಣಪತ್ರಕ್ಕೆ ಏಳು ವರ್ಷಗಳ ಅವಧಿ ಇತ್ತು. 2021ರ ಜೂನ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಅದನ್ನು ಜೀವಮಾನಕ್ಕೆ ವಿಸ್ತರಿಸಿತು, 2011ರಿಂದಲೇ ಪೂರ್ವಾನ್ವಯವಾಗಿ. ಕಾಲದ ಗಡಿ ಹೋಯಿತು, ನೆಲದ ಗಡಿ ಉಳಿಯಿತು.

ಆ ಮಾರ್ಗಸೂಚಿಯಲ್ಲಿ ಒಂದು ವಾಕ್ಯವಿದೆ. ರಾಜ್ಯ ಸರ್ಕಾರದ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳು ಆ ರಾಜ್ಯವೇ ನಡೆಸಿದ ಟಿಇಟಿಯನ್ನು ಪರಿಗಣಿಸಬೇಕು. ಇನ್ನೊಂದು ರಾಜ್ಯದ ಟಿಇಟಿ ಪಾಸಾದವರನ್ನೂ ಪರಿಗಣಿಸಬಹುದು. ಮೊದಲನೆಯದಕ್ಕೆ 'ಬೇಕು', ಎರಡನೆಯದಕ್ಕೆ 'ಬಹುದು'. ಆ 'ಬಹುದು' ಎಂಬ ಮೂರು ಅಕ್ಷರಗಳ ಮೇಲೆ ಎಷ್ಟೋ ಹೆಣ್ಣುಮಕ್ಕಳ ಕೆಲಸ ನಿಂತಿದೆ. ಬೇರೆ ರಾಜ್ಯದ ಅರ್ಹತೆಯನ್ನು ಒಪ್ಪಲು ಕೇಂದ್ರದ ನಿಯಮ ಅಡ್ಡ ಬಂದಿಲ್ಲ. ಒಪ್ಪುವ ಬಾಗಿಲನ್ನು ಅದು ತೆರೆದಿಟ್ಟಿದೆ. ಒಳಗೆ ಕರೆಯಬೇಕೋ ಬೇಡವೋ ಎಂಬುದನ್ನು ರಾಜ್ಯಕ್ಕೆ ಬಿಟ್ಟಿದೆ.

ರಾಜ್ಯ ಹಾಗೆ ಕರೆಯಲು ಹೊರಟು ಎಡವಿದ ಒಂದು ಪ್ರಕರಣವನ್ನು ನೀವು ತಿಳಿದಿರಬೇಕು. ಜಾರ್ಖಂಡ್‌ನಲ್ಲಿ 2016ರ ನಂತರ ರಾಜ್ಯದ ಟಿಇಟಿಯೇ ನಡೆದಿರಲಿಲ್ಲ. 2023ರಲ್ಲಿ 26,001 ಸಹಾಯಕ ಶಿಕ್ಷಕ ಹುದ್ದೆಗಳಿಗೆ ಅರ್ಜಿ ಕರೆದರು. ಕೇಂದ್ರದ ಟಿಇಟಿಯಾದ ಸಿಟಿಇಟಿ ಪಾಸಾದವರು, ನೆರೆ ರಾಜ್ಯದ ಟಿಇಟಿ ಪಾಸಾದವರು ನಮಗೂ ಅವಕಾಶ ಕೊಡಿ ಎಂದು ನ್ಯಾಯಾಲಯಕ್ಕೆ ಹೋದರು. ಸರ್ಕಾರ ಒಪ್ಪಿತು, ಹೈಕೋರ್ಟ್ ಅವಕಾಶ ಕೊಟ್ಟಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ನೇಮಕಾತಿ ಆರಂಭವಾದ ಮೇಲೆ ನಡುವೆ ಅರ್ಹತೆಯ ನಿಯಮ ಬದಲಿಸುವಂತಿಲ್ಲ ಎಂಬುದು ಅದಕ್ಕೆ ಕಾರಣ. ಈ ತೀರ್ಪನ್ನು ಕೆಲವರು 'ಹೊರ ರಾಜ್ಯದ ಟಿಇಟಿ ಅಸಿಂಧು' ಎಂದು ಓದಿಕೊಂಡರು. ಅದು ತಪ್ಪು ಓದು. ಕೊಡುವುದಿದ್ದರೆ ಪ್ರಕಟಣೆಗೆ ಮೊದಲೇ ನಿಯಮದಲ್ಲಿ ಬರೆದಿಡಿ ಎಂದೇ ಅದರಿಂದ ತಿಳಿಯಬೇಕು. ನಮ್ಮ ಕರ್ನಾಟಕಕ್ಕೂ ಅನ್ವಯವಾಗುವ ಪಾಠ ಇದು.

ಈಗ ಮತ್ತೆ ನನ್ನ ಊಟದ ಮೇಜಿಗೆ ಬನ್ನಿ. ಆ ದಿನ ನಾನು ಅವಳ ಟಿಇಟಿ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಪೆನ್ಸಿಲ್ ಹಿಡಿದೆ. ಮೊದಲನೇ ಪತ್ರಿಕೆ ಒಟ್ಟು 150 ಅಂಕ, ಐದು ವಿಭಾಗ, ಒಂದೊಂದಕ್ಕೆ 30. ಶಿಶು ವಿಕಸನ ಮತ್ತು ಬೋಧನಾಶಾಸ್ತ್ರ, ಭಾಷೆ ಒಂದು, ಭಾಷೆ ಎರಡು, ಗಣಿತ, ಪರಿಸರ ಅಧ್ಯಯನ. ಎರಡು ಭಾಷೆಗಳನ್ನು ಬದಿಗಿಟ್ಟರೆ ಉಳಿಯುವುದು 90. ಎರಡನೇ ಪತ್ರಿಕೆಯಲ್ಲೂ ಹಾಗೆಯೇ: ಶಿಶು ವಿಕಸನ 30, ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನ 60, ಸೇರಿ 90. ಈ ಚೌಕಟ್ಟು ಎನ್‌ಸಿಟಿಇ ಹಾಕಿಕೊಟ್ಟದ್ದು. ಅಂದರೆ 150ರಲ್ಲಿ 90 ಅಂಕಗಳ ಅರ್ಹತೆಗೂ ರಾಜ್ಯದ ಭಾಷೆಗೂ ಸಂಬಂಧವಿಲ್ಲ. ಐದು ವರ್ಷದ ಮಗು ಸಂಖ್ಯೆಯನ್ನು ಹೇಗೆ ಗ್ರಹಿಸುತ್ತದೆ, ತಪ್ಪು ಉತ್ತರದ ಹಿಂದೆ ಮಗುವಿನ ಯಾವ ಯೋಚನೆ ಇದೆ, ಹಿಂದುಳಿದ ಮಗುವನ್ನು ತರಗತಿಯಲ್ಲಿ ಹೇಗೆ ಕೂರಿಸಿಕೊಳ್ಳಬೇಕು, ಇವು ತಲಪಾಡಿಯ ಆಚೆಗೂ ಈಚೆಗೂ ಒಂದೇ.

ಉಳಿದ 60 ಅಂಕಗಳು ಭಾಷೆಯವು. ಅಲ್ಲಿ ರಾಜ್ಯ ತನ್ನ ಹಕ್ಕನ್ನು ಬಿಡಬಾರದು ಎಂದು ನಾನೂ ಹೇಳುತ್ತೇನೆ. ಮಗುವಿನ ಭಾಷೆ ಬಾರದವರು ಮಗುವಿನ ಮುಂದೆ ನಿಲ್ಲಬಾರದು. ಕಾಸರಗೋಡಿನ ಕನ್ನಡಿಗರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. 1956ರ ನವೆಂಬರ್ 1ರಂದು ಆಗಿನ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಅಂದಿನಿಂದ ಅಲ್ಲಿನ ಕನ್ನಡ ಶಾಲೆಗಳ ದೊಡ್ಡ ಚಿಂತೆಯೇ ಇದು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರನ್ನು ಕಳುಹಿಸಿದಾಗ ಮಕ್ಕಳೂ ತಂದೆತಾಯಂದಿರೂ ಶಾಲೆಯ ಮುಂದೆ ಕುಳಿತು ಪ್ರತಿಭಟಿಸಿದ್ದು ಒಂದೆರಡು ಸಲವಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಹೇಳುವ ಸಂವಿಧಾನದ 350ಎ ವಿಧಿ ಸೇರಿದ್ದು ಕೂಡ ಅದೇ 1956ರ ಏಳನೇ ತಿದ್ದುಪಡಿಯಲ್ಲಿ. ಗಡಿ ಗೀಚಿದ ವರ್ಷವೇ, ಗಡಿಯಾಚೆ ಉಳಿದ ಮಕ್ಕಳಿಗೆ ಈ ಮಾತು ಕೊಟ್ಟಿದ್ದಾರೆ. ಆ ಮಾತು ಉಳಿಯಬೇಕಾದರೆ ಆ ಮಕ್ಕಳಿಗೆ ಕನ್ನಡದಲ್ಲಿ ತರಬೇತಾದ ಶಿಕ್ಷಕರು ಬೇಕು. ಅಂಥವರು ಹೆಚ್ಚಾಗಿ ತಯಾರಾಗುವುದು ಎಲ್ಲಿ? ಇಲ್ಲಿ, ಈ ಕೋಣೆಯಲ್ಲಿ, ಗಡಿಯ ಈಚೆಗೆ.

ಹಾಗಾಗಿ ನನ್ನ ಮಾತು ಇಷ್ಟೇ. 90ನ್ನು ದಾಟಲು ಬಿಡಿ, 60ನ್ನು ಪರೀಕ್ಷಿಸಿ. ಬೇರೆ ರಾಜ್ಯದಲ್ಲಿ ಟಿಇಟಿ ಪಾಸಾದವರ ಭಾಷೇತರ ಅಂಕಗಳನ್ನು ಹಾಗೆಯೇ ಸ್ವೀಕರಿಸಿ, ಅವರಿಗೆ ಭಾಷೆಯ ಪತ್ರಿಕೆಯನ್ನು ಮಾತ್ರ ಕೊಡಿ. ಕನ್ನಡ ಮಾಧ್ಯಮದ ಹುದ್ದೆಗಾದರೆ ಕನ್ನಡದ ಪತ್ರಿಕೆ, ಆ ರಾಜ್ಯದ ಕಚೇರಿ ವ್ಯವಹಾರಕ್ಕೆ ಬೇಕಾದಷ್ಟು ಮಲಯಾಳಂ ಅಥವಾ ಮರಾಠಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಇದಕ್ಕೆ ಹೊಂದುವ ಒಂದು ಸಲಹೆ ಇದೆ: ಸ್ಥಳೀಯ ಭಾಷೆಯಲ್ಲಿ ಪಾಠ ಮಾಡಬಲ್ಲರೇ ಎಂದು ತಿಳಿಯಲು ಸಂದರ್ಶನ ಅಥವಾ ತರಗತಿ ಪಾಠದ ಪ್ರಾತ್ಯಕ್ಷಿಕೆ. ಬಹು ಆಯ್ಕೆಯ 30 ಪ್ರಶ್ನೆಗಳಿಗಿಂತ ಹತ್ತು ನಿಮಿಷದ ಪಾಠ ಹೆಚ್ಚು ತಿಳಿಸುತ್ತದೆ. ಇದು ನಾನು ಸಾವಿರಾರು ಅಭ್ಯಾಸ ಪಾಠಗಳನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ ಅನುಭವದಿಂದ ಹೇಳುವ ಮಾತು.

'ಸಿಟಿಇಟಿ ಇದೆಯಲ್ಲ, ಅದು ದೇಶಕ್ಕೆಲ್ಲ ನಡೆಯುತ್ತದೆ' ಎಂದು ನಿಮ್ಮಲ್ಲಿ ಕೆಲವರು ಅಂದುಕೊಳ್ಳುತ್ತಿದ್ದೀರಿ. ಸಿಬಿಎಸ್‌ಇ 2011ರಿಂದ ನಡೆಸುತ್ತಿರುವ ಈ ಪರೀಕ್ಷೆ ಕೇಂದ್ರೀಯ ವಿದ್ಯಾಲಯ, ನವೋದಯದಂಥ ಶಾಲೆಗಳಿಗೆ ಎಲ್ಲ ಕಡೆಯೂ ಸಲ್ಲುತ್ತದೆ. ಕೇರಳದ ನೇಮಕಾತಿ ಪ್ರಕಟಣೆಗಳಲ್ಲಿ ಸಿಟಿಇಟಿ ಆದವರಿಗೆ ಅಲ್ಲಿನ ಟಿಇಟಿಯಾದ ಕೆ-ಟೆಟ್‌ನಿಂದ ವಿನಾಯಿತಿ ಕೊಟ್ಟದ್ದೂ ಉಂಟು. ಆದರೆ ಸಿಟಿಇಟಿಯ ಪ್ರಶ್ನೆಪತ್ರಿಕೆಯನ್ನು ಒಮ್ಮೆ ಬಿಡಿಸಿ ನೋಡಿ. ಭಾಷಾ ವಿಭಾಗಕ್ಕೆ 20 ಭಾಷೆಗಳಿವೆ, ಕನ್ನಡವೂ ಇದೆ. ಶಿಶು ವಿಕಸನ, ಗಣಿತ, ಪರಿಸರ ಅಧ್ಯಯನದ ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಕನ್ನಡದಲ್ಲೇ ಡಿ.ಎಲ್.ಇಡಿ. ಮಾಡಿ, ಕನ್ನಡದಲ್ಲೇ ಪಾಠ ಮಾಡಲಿರುವ ಹುಡುಗಿ ಮನೋವಿಜ್ಞಾನಿ ಪಿಯಾಜೆಯ ಬಗ್ಗೆ, ಭಿನ್ನರಾಶಿಯ ಬಗ್ಗೆ ಇಂಗ್ಲಿಷ್‌ನಲ್ಲಿ ಓದಿ ಉತ್ತರ ಗುರುತಿಸಬೇಕು. ಎರಡೂವರೆ ಗಂಟೆಯಲ್ಲಿ 150 ಪ್ರಶ್ನೆ, ಒಂದಕ್ಕೆ ಒಂದು ನಿಮಿಷ. ಕನ್ನಡದಲ್ಲಿ ಬರೆಯಬಹುದಾದ ನಮ್ಮ ರಾಜ್ಯದ ಟಿಇಟಿ ಗಡಿ ದಾಟಲು ಒದ್ದಾಡುತ್ತದೆ. ಗಡಿ ದಾಟುವ ಸಿಟಿಇಟಿ ಪೂರ್ತಿ ಕನ್ನಡದಲ್ಲಿಲ್ಲ. ಬೆಳ್ತಂಗಡಿಯ ಹುಡುಗಿಯ ಕಷ್ಟವನ್ನು ಎರಡು ಸಾಲಿನಲ್ಲಿ ಹೇಳು ಎಂದರೆ ನಾನು ಇವನ್ನೇ ಹೇಳುತ್ತೇನೆ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ನೆರೆಯವರು ಎಲ್ಲವನ್ನೂ ಮುಚ್ಚಿ ಕುಳಿತಿಲ್ಲ. ಕೇರಳದ ಕೆ-ಟೆಟ್‌ನ ಭಾಷಾ ಆಯ್ಕೆಗಳಲ್ಲಿ ಕನ್ನಡ ಇದೆ. ಕೇರಳ ಲೋಕಸೇವಾ ಆಯೋಗ ಕಾಸರಗೋಡು ಜಿಲ್ಲೆಗೆಂದು ಕನ್ನಡ ಮಾಧ್ಯಮದ ಶಿಕ್ಷಕ ಹುದ್ದೆಗಳನ್ನು ಪ್ರತ್ಯೇಕವಾಗಿ ಕರೆಯುತ್ತದೆ. ಜತ್ತ, ಅಕ್ಕಲಕೋಟೆ ಕಡೆ ಕನ್ನಡ ಶಾಲೆಗಳಿರುವ ಮಹಾರಾಷ್ಟ್ರದ ಟಿಇಟಿಯಲ್ಲೂ ಕನ್ನಡದ ಆಯ್ಕೆ ಇದೆ. ನಮ್ಮ ಬೆಳಗಾವಿಯಲ್ಲಿ ಮರಾಠಿ ಮಾಧ್ಯಮದ ಶಾಲೆಗಳಿವೆ. ಕೊಲ್ಲಾಪುರದಲ್ಲಿ ತರಬೇತಿ ಪಡೆದ ಸೊಸೆ ಬೆಳಗಾವಿಗೆ ಬಂದರೆ ಅವಳ ಫೈಲನ್ನು ನಾವು ಹೇಗೆ ನೋಡುತ್ತೇವೆ ಎಂಬ ಪ್ರಶ್ನೆಯನ್ನು ಮೊದಲು ನಮಗೆ ನಾವೇ ಹಾಕಿಕೊಳ್ಳಬೇಕು. ಮಂಜೇಶ್ವರದಲ್ಲಿ ಕೇಳುವುದನ್ನು ಬೆಳಗಾವಿಯಲ್ಲಿ ಕೊಡಲು ಸಿದ್ಧರಿರಬೇಕು.

ಸಂವಿಧಾನ ಏನು ಹೇಳುತ್ತದೆ? ವಾಸಸ್ಥಳದ ಕಾರಣಕ್ಕೆ ಸರ್ಕಾರಿ ನೌಕರಿಯಲ್ಲಿ ಭೇದ ಮಾಡಬಾರದು ಎನ್ನುತ್ತದೆ 16(2)ನೇ ವಿಧಿ. ಅಂಥ ಷರತ್ತು ಹಾಕುವುದಿದ್ದರೆ ಅದು ಸಂಸತ್ತಿನ ಕೆಲಸ ಎನ್ನುತ್ತದೆ 16(3). ಆಂಧ್ರ, ತೆಲಂಗಾಣಕ್ಕೆ 371ಡಿ, ನಮ್ಮ ಕಲ್ಯಾಣ ಕರ್ನಾಟಕಕ್ಕೆ 371ಜೆ ಎಂಬ ವಿಶೇಷ ವಿಧಿಗಳು ಸಂವಿಧಾನದಲ್ಲೇ ಸೇರಿವೆ, ಅವುಗಳಿಗೆ ಅವುಗಳದೇ ಹಿನ್ನೆಲೆ ಇದೆ. ಅವನ್ನು ಬಿಟ್ಟರೆ ರಾಜ್ಯಗಳಿಗೆ ಈ ಅಧಿಕಾರ ಇಲ್ಲ. ರಾಜಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅದೇ ಜಿಲ್ಲೆಯವರೆಂದು 10 ಅಂಕ, ಹಳ್ಳಿಯವರೆಂದು 5 ಅಂಕ ಹೆಚ್ಚುವರಿಯಾಗಿ ಕೊಟ್ಟಿದ್ದರು. 2002ರಲ್ಲಿ ಕೈಲಾಶ್ ಚಂದ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 'ಎಲ್ಲಿಯವಳು' ಎಂದು ಕೇಳುವಂತಿಲ್ಲ, 'ಏನು ಬಲ್ಲಳು' ಎಂದು ಕೇಳಬಹುದು.

ಮೀಸಲಾತಿಯ ವಿಷಯ ಇದಕ್ಕಿಂತ ಕಠಿಣ. ಒಂದು ರಾಜ್ಯದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರು ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿನ ಸರ್ಕಾರಿ ನೌಕರಿಯಲ್ಲಿ ಆ ಮೀಸಲಾತಿಯನ್ನು ಕೇಳುವಂತಿಲ್ಲ ಎಂದು 2018ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿದೆ. ಕರ್ನಾಟಕದಲ್ಲಿ ಟಿಇಟಿ ಪಾಸಾಗಲು ಸಾಮಾನ್ಯ ವರ್ಗಕ್ಕೆ ಶೇ 60 ಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 55 ಸಾಕು. 86 ಅಂಕ ತೆಗೆದು ಇಲ್ಲಿ ಪಾಸಾದ ದಲಿತ ಹೆಣ್ಣುಮಗಳು ಗಡಿ ದಾಟಿದರೆ ಸಾಮಾನ್ಯ ವರ್ಗದ ಅಭ್ಯರ್ಥಿಯಾಗುತ್ತಾಳೆ. ಆಗ ಅವಳ 86 ಏನಾಗಬೇಕು? ಮದುವೆಯಿಂದ ಊರು ಬದಲಾಯಿತೇ ಹೊರತು ಅವಳು ಅನುಭವಿಸಿದ್ದು ಬದಲಾಗಲಿಲ್ಲ. ಪರಸ್ಪರ ಮಾನ್ಯತೆಯ ಯಾವ ಒಪ್ಪಂದವಾದರೂ ಈ ಹೆಣ್ಣುಮಗಳನ್ನು ಮುಂದಿಟ್ಟುಕೊಂಡು ಬರೆಯಬೇಕು. ಅವಳನ್ನು ಅಡಿಟಿಪ್ಪಣಿಗೆ ತಳ್ಳಿದರೆ ಅನುಕೂಲವಾಗುವುದು ಮೊದಲೇ ಅನುಕೂಲ ಇದ್ದವರಿಗೆ.

ಬೇರೆ ವೃತ್ತಿಗಳಲ್ಲಿ ಏನಿದೆ ನೋಡಿ. ಮಂಗಳೂರಿನಲ್ಲಿ ಪಡೆದ ಚಾಲನಾ ಪರವಾನಗಿಯಲ್ಲಿ ಕನ್ಯಾಕುಮಾರಿಯವರೆಗೂ ಗಾಡಿ ಓಡಿಸಬಹುದು. ಅದು ಭಾರತದಾದ್ಯಂತ ಸಲ್ಲುತ್ತದೆ ಎಂದು ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ವಕೀಲರೊಬ್ಬರು ಕರ್ನಾಟಕದ ವಕೀಲರ ಪರಿಷತ್ತಿನಿಂದ ಕೇರಳದ ಪರಿಷತ್ತಿಗೆ ಹೆಸರು ವರ್ಗಾಯಿಸಿಕೊಳ್ಳಬೇಕಾದರೆ 1961ರ ವಕೀಲರ ಕಾಯ್ದೆಯ 18ನೇ ಪ್ರಕರಣದಲ್ಲಿ ದಾರಿ ಇದೆ, ಅದೂ ಶುಲ್ಕವಿಲ್ಲದೆ. ಮತ್ತೆ ಕಾನೂನು ಓದಿ ಬಾ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಶಿಕ್ಷಕರ ಪಿಂಚಣಿಯನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್‌ನಲ್ಲಿರುವ ಶಿಕ್ಷಕಿ ಕರ್ನಾಟಕದ ಕೆಲಸ ಬಿಟ್ಟು ಕೇರಳದಲ್ಲಿ ಸೇರಿದರೆ ಅವಳ ಪಿಂಚಣಿ ಖಾತೆಯ ಪ್ರಾನ್ ಸಂಖ್ಯೆ ಹಾಗೆಯೇ ಮುಂದುವರಿಯುತ್ತದೆ. ಅವಳ ದುಡ್ಡಿನ ಲೆಕ್ಕ ಗಡಿ ದಾಟುತ್ತದೆ. ಹತ್ತು ವರ್ಷ ಪಾಠ ಮಾಡಿದ ಜ್ಯೇಷ್ಠತೆ ದಾಟುವುದಿಲ್ಲ, ಅಲ್ಲಿ ಅವಳು ಮೊದಲ ದಿನದ ಹೊಸಬಳು.

ಅಮೆರಿಕದಲ್ಲಿ ಇದೇ ಗೋಳು ನಮಗಿಂತ ಹಳೆಯದು. ಅಲ್ಲಿ ಶಿಕ್ಷಣ ಬಹುಮಟ್ಟಿಗೆ ರಾಜ್ಯಗಳ ವಿಷಯ, ಪ್ರತಿ ರಾಜ್ಯವೂ ತನ್ನದೇ ಬೋಧನಾ ಪರವಾನಗಿ ಕೊಡುತ್ತದೆ. ರಾಜ್ಯಗಳ ನಡುವೆ ಒಪ್ಪಂದಗಳು ಬಹಳ ವರ್ಷಗಳಿಂದ ಇದ್ದವು. ಆದರೆ ಆ ಒಪ್ಪಂದಗಳ ಅಡಿಯಲ್ಲೂ ಸೇರುವ ರಾಜ್ಯ ಇನ್ನೊಂದು ಪರೀಕ್ಷೆ ಬರೆಯಿರಿ, ಇನ್ನೆರಡು ಕೋರ್ಸು ಮಾಡಿ ಎನ್ನಬಹುದಾಗಿತ್ತು. ಅಲ್ಲಿಯೂ ಒಂದು 'ಬಹುದು'. ಹೆಚ್ಚು ನೊಂದವರು ಸೈನಿಕರ ಹೆಂಡತಿಯರು. ಗಂಡನಿಗೆ ವರ್ಗವಾದಾಗಲೆಲ್ಲ ರಾಜ್ಯ ಬದಲು, ಪರವಾನಗಿಯೂ ಮತ್ತೆ ಮೊದಲಿನಿಂದ. ಕೊನೆಗೆ ಅಲ್ಲಿನ ರಕ್ಷಣಾ ಇಲಾಖೆ, ರಾಜ್ಯ ಸರ್ಕಾರಗಳ ಪರಿಷತ್ತು, ಶಿಕ್ಷಕರ ಪರವಾನಗಿ ಅಧಿಕಾರಿಗಳ ಸಂಘ ಸೇರಿ ಹೊಸ ಅಂತರರಾಜ್ಯ ಒಪ್ಪಂದವೊಂದನ್ನು ರೂಪಿಸಿದವು. ಕನಿಷ್ಠ 10 ರಾಜ್ಯಗಳ ಶಾಸನಸಭೆಗಳು ಒಂದೇ ಪಠ್ಯದ ಕಾನೂನನ್ನು ಅಂಗೀಕರಿಸಿದರೆ ಅದು ಜೀವ ಪಡೆಯುತ್ತದೆ ಎಂದು ಇಟ್ಟುಕೊಂಡರು. 2023ರಲ್ಲಿ ಆ ಸಂಖ್ಯೆ ಮುಟ್ಟಿತು. ಕೊಲೊರಾಡೊ, ಕೆಂಟಕಿ, ಯೂಟಾ, ಓರೆಗಾನ್, ಫ್ಲಾರಿಡಾ ಮೊದಲ ಹತ್ತರಲ್ಲಿವೆ. ಕನ್ನಡಿಗರು ಹೆಚ್ಚಾಗಿರುವ ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಆ ಹತ್ತರಲ್ಲಿ ಇಲ್ಲ.

ಆ ಒಪ್ಪಂದದಲ್ಲಿ ನನಗೆ ಹಿಡಿಸಿದ್ದು ಎರಡು ಸಂಗತಿ. ಪದವಿ ಮತ್ತು ಮಾನ್ಯತೆ ಪಡೆದ ತರಬೇತಿ ಮುಗಿಸಿ ಪೂರ್ಣ ಪರವಾನಗಿ ಪಡೆದ ಶಿಕ್ಷಕಿ ಒಪ್ಪಂದದ ಇನ್ನೊಂದು ರಾಜ್ಯಕ್ಕೆ ಹೋದರೆ, ಆ ರಾಜ್ಯ ತನ್ನಲ್ಲಿರುವ ಪರವಾನಗಿಗಳಲ್ಲಿ ಅವಳದಕ್ಕೆ ಅತಿ ಹತ್ತಿರದ್ದನ್ನು ಹೊಸ ಪರೀಕ್ಷೆ ಇಲ್ಲದೆ ಕೊಡಲೇಬೇಕು. ಅಲ್ಲಿ 'ಬಹುದು' ಹೋಗಿ 'ಬೇಕು' ಬಂದಿದೆ. ಸ್ಥಳೀಯ ಷರತ್ತುಗಳಿಗೆ ಅವಕಾಶ ಇರುವುದು ನವೀಕರಣದ ಸಮಯದಲ್ಲಿ. ಅಂದರೆ ಮೊದಲು ತರಗತಿಗೆ ಹೋಗಿ ಪಾಠ ಮಾಡು, ನಮ್ಮ ರಾಜ್ಯದ್ದೇನಿದೆಯೋ ಅದನ್ನು ಮಾಡುತ್ತಾ ಕಲಿ. ಎರಡನೆಯದು, ಹಿಂದಿನ ರಾಜ್ಯದಲ್ಲಿ ಶಿಸ್ತುಕ್ರಮಕ್ಕೆ ಒಳಗಾದವರ ಮಾಹಿತಿಯನ್ನು ರಾಜ್ಯಗಳು ಪರಸ್ಪರ ಹಂಚಿಕೊಳ್ಳುತ್ತವೆ. ಮಕ್ಕಳಿಗೆ ಕೇಡು ಮಾಡಿದವನೊಬ್ಬ ಒಂದು ರಾಜ್ಯದಲ್ಲಿ ಕೆಲಸ ಕಳೆದುಕೊಂಡು ಇನ್ನೊಂದರಲ್ಲಿ ಹೊಸ ಮುಖ ಹೊತ್ತು ಸೇರಿಕೊಳ್ಳಬಾರದು. ಮಾನ್ಯತೆಯ ಬಾಗಿಲು ತೆರೆಯುವಾಗ ಈ ಕಾವಲೂ ಜೊತೆಗೇ ಬರಬೇಕು. ಅಲ್ಲಿನದನ್ನು ಹಾಗೆಯೇ ಎತ್ತಿ ಇಲ್ಲಿ ನೆಡಿ ಎಂದು ನಾನು ಹೇಳುವುದಿಲ್ಲ, ನಮ್ಮ ಭಾಷೆಗಳ ಪ್ರಶ್ನೆ ಅವರಿಗಿಲ್ಲ. ಆದರೆ ದಕ್ಷಿಣದ ಐದು ರಾಜ್ಯಗಳೂ ಮಹಾರಾಷ್ಟ್ರವೂ ಕುಳಿತು, ಗಡಿ ಜಿಲ್ಲೆಗಳ ಅಲ್ಪಸಂಖ್ಯಾತ ಭಾಷಾ ಶಾಲೆಗಳ ಮಟ್ಟಿಗಾದರೂ ಇಂಥದ್ದೊಂದನ್ನು ಬರೆದುಕೊಳ್ಳಲು ಅಡ್ಡಿ ಏನಿದೆ?

ಇದು ತುರ್ತಾಗಿರುವುದಕ್ಕೆ ಇನ್ನೊಂದು ಕಾರಣ, 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು, ಎಷ್ಟೇ ಹಿಂದೆ ಸೇರಿದ್ದರೂ, ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದಿತು. ಐದು ವರ್ಷಕ್ಕಿಂತ ಕಡಿಮೆ ಇರುವವರು ಮುಂದುವರಿಯಬಹುದು, ಆದರೆ ಬಡ್ತಿ ಸಿಗದು. ಇಪ್ಪತ್ತು ವರ್ಷ ಗಡಿಶಾಲೆಯಲ್ಲಿ ದುಡಿದ ಟೀಚರುಗಳು ಈಗ ಮಕ್ಕಳ ಪರೀಕ್ಷೆಯ ಪತ್ರಿಕೆ ತಿದ್ದಿ, ರಾತ್ರಿ ತಮ್ಮ ಪರೀಕ್ಷೆಗೆ ಓದುತ್ತಿದ್ದಾರೆ. ಅವರು ಪಾಸಾಗಿ ಪಡೆಯುವ ಪತ್ರವಾದರೂ ಮುಂದೆ ಅವರು ಹೋದ ಕಡೆ ಸಲ್ಲಬೇಕು.

ಮಾತು ಮುಗಿಸಿದ ಮೇಲೆ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: "ಮೇಡಂ, ಬರುವ ವರ್ಷ ನನ್ನ ಮದುವೆ. ಹುಡುಗನ ಮನೆಯವರು ಸೊಲ್ಲಾಪುರದಲ್ಲಿದ್ದಾರೆ. ನಾನು ಈಗಲೇ ಏನು ಮಾಡಿಟ್ಟುಕೊಳ್ಳಬೇಕು?"

ಅವಳಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಪರೀಕ್ಷೆಯ ಓದು ತಲೆಯಲ್ಲಿ ಹಸಿಯಾಗಿರುವಾಗಲೇ, ಮದುವೆಗೆ ಮೊದಲೇ, ಕರ್ನಾಟಕದ ಟಿಇಟಿ ಜೊತೆಗೆ ಸಿಟಿಇಟಿಯನ್ನೂ ಬರೆ. ಇಂಗ್ಲಿಷ್‌ಗೆ ಹೆದರಬೇಡ, ಶಿಶು ವಿಕಸನದ ಪಾರಿಭಾಷಿಕ ಪದಗಳ ಒಂದು ಪಟ್ಟಿಯನ್ನು ಕನ್ನಡ-ಇಂಗ್ಲಿಷ್‌ನಲ್ಲಿ ಬರೆದು ಗೋಡೆಗೆ ಅಂಟಿಸಿಕೋ. ಮಹಾರಾಷ್ಟ್ರದ ಟಿಇಟಿಗೆ ಕನ್ನಡದ ಆಯ್ಕೆಯಲ್ಲೇ ಅರ್ಜಿ ಹಾಕು. ಇವತ್ತಿನಿಂದಲೇ ಮರಾಠಿ ದಿನಪತ್ರಿಕೆ ಓದು. ಸಂಸ್ಥೆಯಿಂದ ಹೊರಡುವ ಮೊದಲು ನಿನ್ನ ಸಾಲಿನ ಪಠ್ಯಕ್ರಮದ ಪ್ರತಿಗೆ ಪ್ರಾಂಶುಪಾಲರ ಸಹಿ, ಮುದ್ರೆ ಹಾಕಿಸಿಕೋ. ಎನ್‌ಸಿಟಿಇ ಮಾನ್ಯತಾ ಆದೇಶದ ಪ್ರತಿಯನ್ನೂ ಕೇಳಿ ಪಡೆ, ಹತ್ತು ವರ್ಷದ ನಂತರ ಸಂಸ್ಥೆ ಮುಚ್ಚಿದ್ದರೆ ಯಾರನ್ನು ಕೇಳುತ್ತೀಯೆ? ಮದುವೆಯ ನಂತರ ಆಧಾರ್‌ನಲ್ಲಿ ಹೆಸರು ಬದಲಿಸಲೇಬೇಕೆಂದಿಲ್ಲ, ಎಸ್ಸೆಸ್ಸೆಲ್ಸಿಯಲ್ಲಿ ಇರುವ ಹೆಸರೇ ಎಲ್ಲ ಕಡೆಯೂ ಇರಲಿ. ಮೂಲ ಪ್ರತಿಗಳಿಗೆ ಲ್ಯಾಮಿನೇಷನ್ ಮಾಡಿಸಬೇಡ.

ಇದರಲ್ಲಿ ಹೆಚ್ಚಿನದು ನನ್ನದಲ್ಲ. ಬೆಳ್ತಂಗಡಿಯ ಹುಡುಗಿ ತನ್ನ ಹಿಂದೆ ಬರುವವರಿಗೆಂದು ಗೆರೆಯ ಹಾಳೆಯಲ್ಲಿ ಬರೆದುಕೊಟ್ಟ ಪಟ್ಟಿ ಇದು. ಅವಳು ಈಗ ಕೆ-ಟೆಟ್‌ಗೆ ಕುಳಿತಿದ್ದಾಳೆ. ಪಕ್ಕದ ಮನೆಯ ಒಂದನೇ ತರಗತಿಯ ಮಗುವಿನ ಜೊತೆ ಜಗಲಿಯಲ್ಲಿ ಕುಳಿತು ಮಲಯಾಳಂ ಅಕ್ಷರ ತಿದ್ದುತ್ತಿದ್ದಾಳೆ. ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದ್ದೇನೆ. ಹೋಗುವಾಗ ಎಲ್ಲರೂ ಬರೆದುಕೊಂಡು ಹೋಗಿ.